ದಮ್ಮಿದ್ದವರಿಗೆ ಬಿಡುವು

(ಚಿಕ್ಕಪೇಟೆಯ ಸೀರೆ ಅಂಗಡಿ. ಮಧ್ಯಾಹ್ನ ಮೂರು ಗಂಟೆ. ಸ್ಟೂಲಿನ ಮೇಲೆ ಸೀರೆ ಉಟ್ಟ ಗೊಂಬೆ, ಪಕ್ಕದಲ್ಲಿ ನಿಂತ ಗೌರಾ. ಮ್ಯಾನೇಜರ್ ಗಲ್ಲಾದಲ್ಲಿ ದಿಂಬಿಗೊರಗಿ ಕೂತಿದ್ದಾರೆ. ಜವಾಬ್ದಾರಿಯ ಭಾರ, ನಿಂತು ಹೊರೋಕಾಗಲ್ಲ.)

ಮ್ಯಾನೇಜರ್: ಏನಮ್ಮ ಗೌರಾ, ಗೋಡೆಗೆ ಒರಗಿದ್ದೀಯ?

ಗೌರಾ: ಗೋಡೆ ಬೀಳಬಾರದಲ್ಲ ಸಾರ್.

ಮ್ಯಾನೇಜರ್: ಗಿರಾಕಿ ಎದುರು ಹಾಗೆಲ್ಲ ನಿಂತ್ಕೋಬಾರದು.

ಗೌರಾ: ಸರಿ, ಕೂತ್ಕೊಳ್ಲಾ?

ಮ್ಯಾನೇಜರ್: ಸ್ಟೂಲು ಗೊಂಬೆದು!

ಗೌರಾ: ಹೌದು, ಪಾಪ, ಬೆಳಗ್ಗೆಯಿಂದ ಕಾಂಜೀವರಂ ಹೊತ್ತಿದೆ. ರಮೇಶಣ್ಣ ಎಲ್ಲಿ?

ಮ್ಯಾನೇಜರ್: ದಮ್ಮು ಹೊಡೆಯೋಕೆ ಹೋಗಿದ್ದಾನೆ.

ಗೌರಾ: ಹನ್ನೊಂದಕ್ಕೂ ಹೋಗಿದ್ರು, ಹನ್ನೆರಡಕ್ಕೂ...

ಮ್ಯಾನೇಜರ್: ಚಟ ಕಣಮ್ಮ. ಪಾಪ, ಬಿಡೋಕಾಗಲ್ಲ.

ಗೌರಾ: ನನಗೂ ಒಂದು ಚಟ ಇದೆ ಸಾರ್. ಕಾಲು ನೋಯೋದು.

ಮ್ಯಾನೇಜರ್: ಅದಕ್ಕೆಲ್ಲ ಬಿಡುವಿಲ್ಲ.

ಗೌರಾ: ಅಂಗಡಿ ಕೆಲಸದವರು ಕೂರೋಕೆ ಕೇರಳದಲ್ಲಿ 2018ರಲ್ಲಿ, ತಮಿಳುನಾಡಲ್ಲಿ 2021ರಲ್ಲಿ ಕಾನೂನು ಮಾಡಿದ್ರಂತೆ.

ಮ್ಯಾನೇಜರ್: ಅಲ್ಲಿಯವರು ಕೂರಲಿ ಬಿಡು. ನಾವು ಸ್ವಂತ ಕಾಲ ಮೇಲೆ ನಿಂತವರು!

ಗೌರಾ: ನನ್ನ ಕಾಲ ಮೇಲೆ ಸಾರ್. ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೇಲೂ ಐದು ಗಂಟೆ ದುಡಿದ್ಮೇಲೆ ಒಂದು ಗಂಟೆ ಬಿಡುವು ಅಂತಿದೆಯಂತಲ್ಲ?

ಮ್ಯಾನೇಜರ್: ಇದೆ ಇದೆ. ಫ್ರೇಮು ಹಾಕ್ಸಿ ತೂಗುಹಾಕಿದ್ದೀನಿ, ನೋಡು.

ಗೌರಾ: ಪುಣ್ಯ ಮಾಡಿದೆ, ಅದಕ್ಕೆ ಕಾಲಿಲ್ಲ. ಸಾರ್, ಒಂದು ಬೀಡಿ ಇದ್ರೆ ಕೊಡಿ.

ಮ್ಯಾನೇಜರ್: ಥೂ! ಹೆಣ್ಮಗಳು ಬೀಡಿ ಸೇದ್ತೀಯಾ?

ಗೌರಾ: ಹಚ್ಚಲ್ಲ ಸಾರ್. ಕೈಯಲ್ಲಿ ಹಿಡ್ಕೊಂಡು ಹತ್ತು ನಿಮಿಷ ಮೆಟ್ಟಿಲ ಮೇಲೆ ಕೂತು, ವಾಪಸ್ ಕೊಡ್ತೀನಿ.