ಬಾಗೂರು ಹೋಬಳಿಯಲ್ಲಿ ಫೆರಗೋಸ್ತೊ: ಒಂದು ಮೀಮಾಂಸೆ

ಇಟಲಿಯಲ್ಲಿ ಆಗಸ್ಟ್ 15 ಫೆರಗೋಸ್ತೊ. ಕ್ರಿ.ಪೂ. 18ರಲ್ಲಿ ಅಗಸ್ಟಸ್ ಚಕ್ರವರ್ತಿ ಸುಗ್ಗಿ ಮುಗಿಸಿದವರಿಗೆಂದು ಕೊಟ್ಟ ಬಿಡುವಿನಿಂದ ಬೆಳೆದ ಹಬ್ಬ. ಮುಂದೆ ಚರ್ಚು ಅದೇ ದಿನಕ್ಕೆ ಮರಿಯಮ್ಮನ ಸ್ವರ್ಗಾರೋಹಣವನ್ನು ಹೊಂದಿಸಿತು. ಈಗ ಆ ಹೊತ್ತಿಗೆ ನಗರದ ಅಂಗಡಿಗಳು ಕದವಿಕ್ಕಿಕೊಳ್ಳುತ್ತವೆ, ಜನ ಕಡಲತ್ತ ಗುಳೆ ಹೊರಡುತ್ತಾರೆ, ಕಲ್ಲಂಗಡಿಗಳು ಮುಗಿಯುತ್ತವೆ. ಈ ಹಬ್ಬವನ್ನು ಮನೆಮಂದಿಯಿಂದ ದೂರವಿದ್ದು ಆಚರಿಸುವುದು ಚನ್ನರಾಯಪಟ್ಟಣ ತಾಲ್ಲೂಕು ಬಾಗೂರಿನವನಿಗೆ ಸಾಧ್ಯವೇ ಎಂಬುದು ಪ್ರಕೃತ ಪ್ರಬಂಧದ ಪ್ರಶ್ನೆ. ವಿದ್ವಾಂಸರು ಇದನ್ನು ಇಷ್ಟು ದಿನ ಏಕೆ ಮುಟ್ಟಲಿಲ್ಲವೆಂದು ಕೇಳಬಾರದು.

ಮೊದಲು ಪೂರ್ವಪಕ್ಷ. ‘ಆಗಸ್ಟ್ 15 ನಮ್ಮಲ್ಲೂ ರಜೆಯೇ’ ಎಂಬುದು ಎದುರಾಳಿಗಳ ವಾದ. ನಿಜ. ಆದರೆ ಅಲ್ಲಿ ಬಿಸಿಲು, ಇಲ್ಲಿ ಸೋನೆ. ಅಲ್ಲಿ ದ್ರಾಕ್ಷಾರಸ, ಇಲ್ಲಿ ಬಾರುಗಳಿಗೆ ಸರ್ಕಾರವೇ ಬಾಗಿಲು ಹಾಕಿಸುತ್ತದೆ. ಅಲ್ಲಿ ಮರಳ ಮೇಲೆ ಮಲಗುತ್ತಾರೆ, ಇಲ್ಲಿ ಧ್ವಜದ ಮುಂದೆ ನೆಟ್ಟಗೆ ನಿಂತು, ಮುಖ್ಯ ಅತಿಥಿಗಳ ಭಾಷಣ ಮುಗಿದ ಮೇಲಷ್ಟೇ ಲಾಡು. ಪೂರ್ವಪಕ್ಷ ಬಿದ್ದುಹೋಯಿತು.

ದನಗಳಿಗೆ ಬಂದರೆ ವಿಷಯ ಗಹನ. ರೋಮನ್ನರು ಆ ಹಬ್ಬದಲ್ಲಿ ಎತ್ತು, ಕತ್ತೆ, ಹೇಸರಗತ್ತೆಗಳನ್ನು ದುಡಿಮೆಯಿಂದ ಬಿಡಿಸಿ ಹೂ ಮುಡಿಸುತ್ತಿದ್ದರು. ಸಂಕ್ರಾಂತಿಗೆ ನಮ್ಮ ಸೀಮೆಯಲ್ಲಿ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಅಗಸ್ಟಸ್ ಇದನ್ನೆಲ್ಲ ಎಲ್ಲಿಂದ ಎತ್ತಿದನೆಂದು ಬಿಡಿಸಿ ಹೇಳಬೇಕಿಲ್ಲ. ಏಳು ತಿಂಗಳ ವ್ಯತ್ಯಾಸ ಬರುತ್ತದೆ. ಅದನ್ನು ಹಡಗಿನ ಪ್ರಯಾಣಕ್ಕೆ ಬಿಟ್ಟುಕೊಡೋಣ. ತೊಡಕಿರುವುದು ಬೇರೆ ಕಡೆ. ಈಗ ಕೊಟ್ಟಿಗೆಯಲ್ಲಿ ಎತ್ತಿಗಿಂತ ಸೀಮೆಹಸುವಿನ ದರ್ಬಾರು. ಎತ್ತಿಗೆ ಮನುಷ್ಯ ರಜೆ ಕೊಡಬಲ್ಲ. ದಿನಕ್ಕೆರಡು ಹೊತ್ತು ಡೈರಿಗೆ ಓಡಿಸುವ ಸೀಮೆಹಸು ಮನುಷ್ಯನಿಗೆ ರಜೆ ಕೊಡುವುದಿಲ್ಲ. ಅಷ್ಟು ಅಧಿಕಾರ ಅಗಸ್ಟಸನಿಗೂ ಇರಲಿಲ್ಲ.

ಹಾಗೆಂದು ಇಟಲಿಯವರೂ ಪೂರ್ತಿ ಪಾರಾಗಿಲ್ಲ. ಜಾನ್ನಿ ದಿ ಗ್ರೆಗೋರಿಯೊ 2008ರಲ್ಲಿ ತೆಗೆದ ‘ಪ್ರಾಂಜೊ ದಿ ಫೆರಗೋಸ್ತೊ’ ಸಿನಿಮಾದಲ್ಲಿ, ರಜೆಗೆ ಹೊರಟವರು ತಮ್ಮ ಮುದಿ ತಾಯಂದಿರನ್ನು ರೋಮಿನಲ್ಲೇ ಉಳಿದವನೊಬ್ಬನ ತಲೆಗೆ ಕಟ್ಟುತ್ತಾರೆ. ಅವನ ಮನೆಯಲ್ಲೋ ಮೊದಲೇ ಸ್ವಂತ ತಾಯಿ. ಆತ ಬಾಗೂರಿನ ಕಡೆಯವನೆಂಬುದರಲ್ಲಿ ಪ್ರಬಂಧಕಾರನಿಗೆ ಸಂಶಯವಿಲ್ಲ.

ಇನ್ನು ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದು ಅಶಾಸ್ತ್ರೀಯ. ‘ಯಾರ ಮಗನ್ಲಾ ನೀನು?’ ಎಂದು ಕೇಳುವವರು ಸಿಗುವಷ್ಟೂ ದೂರ ಊರೇ. ಬಾಗೂರನ್ನು ಯಾರ ಕಣ್ಣಿಗೂ ಬೀಳದೆ ದಾಟುವುದು ಹೇಮಾವತಿಯ ನೀರೊಂದೇ; ಅದೂ ಬಾಗೂರು–ನವಿಲೆ ಸುರಂಗದಲ್ಲಿ, ನೆಲದಡಿ, ತುಮಕೂರಿನ ಕಡೆಗೆ. ಅದರ ಲೆಕ್ಕವನ್ನೂ ಎರಡು ಜಿಲ್ಲೆಯವರು ಕೇಳುತ್ತಲೇ ಇದ್ದಾರೆ.

ಕ್ಷೇತ್ರಕಾರ್ಯಕ್ಕಾಗಿ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಬಾಗೂರಿನ ತರುಣನೊಬ್ಬನನ್ನು ಊರಿಗೆ ಸುದ್ದಿ ಕೊಡದೆ ಗೋಕರ್ಣಕ್ಕೆ ಕಳಿಸಲಾಯಿತು. ಮಳೆಗಾಲದ ಕಡಲು, ನೀರಿಗಿಳಿಯಲು ಬಿಡಲಿಲ್ಲ. ಕೊಡೆಯ ಕೆಳಗೆ ಸುಟ್ಟ ಜೋಳ ತಿನ್ನುತ್ತ ಇಟಲಿಯ ಬಿಸಿಲನ್ನು ಊಹಿಸಿಕೊಳ್ಳುವಷ್ಟರಲ್ಲಿ ಅವ್ವನ ಫೋನು: ‘ಹಸ ಕರ ಹಾಕೈತೆ ಕಣ್ಲಾ. ಗಿಣ್ಣು ಮಡಗಿವ್ನಿ. ಎಷ್ಟೊತ್ತಿಗೆ ಬತ್ತೀಯ?’

ಹಾಸನದ ಬಸ್ಸು ವಿಚಾರಿಸಲು ತರುಣ ಎದ್ದುಹೋದ್ದರಿಂದ ಕ್ಷೇತ್ರಕಾರ್ಯ ಸದ್ಯಕ್ಕೆ ನಿಂತಿದೆ.