ಲಂಗದ ಅಗಲ, ತಲೆಯ ಎತ್ತರ

ಅಕ್ಕನ ಮಗಳ ರಿಸೆಪ್ಷನ್‌ಗೆ ಹೊರಟ ಸಂಜೆ ಕಾರಿನಲ್ಲಿ ನನಗೆ ಜಾಗ ಸಿಗಲಿಲ್ಲ. ಜನ ಹೆಚ್ಚಾಗಿದ್ದರು ಅಂತಲ್ಲ, ಹಿಂದಿನ ಸೀಟಿನಲ್ಲಿ ಕೂತಿದ್ದವಳು ಮದುಮಗಳು ಒಬ್ಬಳೇ. ಮಿಕ್ಕ ಜಾಗವನ್ನೆಲ್ಲ ಅವಳ ಲೆಹಂಗಾ ಮತ್ತು ಅದನ್ನು ಉಬ್ಬಿಸುವ ಕ್ಯಾನ್‌ಕ್ಯಾನ್ ಎಂಬ ಒಳಲಂಗ ಆಕ್ರಮಿಸಿಕೊಂಡಿದ್ದವು. “ಮಾಮಾ, ನೀವು ಆಟೋದಲ್ಲಿ ಬಂದುಬಿಡಿ” ಅಂದಳು. ಶಾಸ್ತ್ರದ ಪ್ರಕಾರ ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವನಾದ ನಾನು, ಮೀಟರ್ ಮೇಲೆ ಇಪ್ಪತ್ತು ರೂಪಾಯಿ ಕೊಟ್ಟು ಹಿಂದಿನಿಂದ ಬಂದೆ.

ಆಟೋದ ಕುಲುಕಾಟದ ನಡುವೆ ನನಗೆ ನೆನಪಾದದ್ದು ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಹೆಂಗಸರು. ಹಳೇ ಉಡುಪುಗಳ ಚಿತ್ರವಿರುವ ಪುಸ್ತಕ ಸಿಕ್ಕರೆ ಊಟ ಬಿಟ್ಟು ನೋಡುವ ಚಟ ನನಗೆ. ಮೈಮೇಲೆ ಮಾತ್ರ ಮನೆಯವಳು ಸೇಲ್‌ನಲ್ಲಿ ತಂದ ಅರ್ಧತೋಳಿನ ಅಂಗಿ. ಹದಿನೆಂಟನೇ ಶತಮಾನದ ಆ ಹೆಂಗಸರು ಲಂಗದೊಳಗೆ ಪ್ಯಾನಿಯೇ ಅನ್ನುವ ಚೌಕಟ್ಟನ್ನು ಕಟ್ಟಿಕೊಳ್ಳುತ್ತಿದ್ದರು. ಬೆತ್ತದ್ದೋ ತಿಮಿಂಗಿಲದ ಬಾಯಿಂದ ತೆಗೆದ ಬಳುಕುವ ಪಟ್ಟಿಯದೋ. ಲಂಗ ಹಿಂದೆಮುಂದೆ ಚಪ್ಪಟೆ, ಎಡಬಲಕ್ಕೆ ಮಾತ್ರ ಧಾರಾಳ. ಲಿಯೋನ್ ನಗರದ ನೇಕಾರರು ನೇಯ್ದ ದುಬಾರಿ ರೇಷ್ಮೆಯ ಒಂದು ಹೂವೂ ನೆರಿಗೆಯಲ್ಲಿ ಮುಚ್ಚಿಹೋಗಬಾರದಲ್ಲ! ಬಾಗಿಲು ಬಂದರೆ ಅಡ್ಡ ತಿರುಗಿ ನುಸುಳಬೇಕು. ಈ ಪಾಡು ನೋಡಲಾಗದೆ ಯಾರೋ ಪುಣ್ಯಾತ್ಮರು ಕೀಲು ಹಾಕಿದ ಪ್ಯಾನಿಯೇ ಮಾಡಿದರು. ಬೇಕೆಂದಾಗ ಎರಡೂ ಕಡೆ ಎತ್ತಿ ಕಂಕುಳಲ್ಲಿ ಇಟ್ಟುಕೊಳ್ಳಬಹುದು. ಕ್ಯಾನ್‌ಕ್ಯಾನ್ ಹೊಲಿಯುವವರಿಗೆ ಇನ್ನೂ ಅಷ್ಟು ದಯೆ ಬಂದಿಲ್ಲ.

ಅಗಲ ಸಾಲದೆಂದು 1770ರ ದಶಕದಲ್ಲಿ ಎತ್ತರ ಶುರುವಾಯಿತು. ತಲೆಯ ಮೇಲೆ ತಂತಿ, ಉಣ್ಣೆ, ಕುದುರೆಕೂದಲು ಇಟ್ಟು, ಸ್ವಂತ ಕೂದಲನ್ನು ಅದರ ಮೇಲೆ ಬಾಚಿ, ಕೊಬ್ಬಿನ ಲೇಪ ಹಚ್ಚಿ, ಗಂಜಿಯ ಪುಡಿ ಉದುರಿಸಿದರೆ ‘ಪೂಫ್’ ಸಿದ್ಧ. ಊರಿನ ಸುದ್ದಿಯೆಲ್ಲ ಅಲ್ಲಿಗೆ ಬರುತ್ತಿತ್ತು. 1774ರಲ್ಲಿ ದೊರೆ 15ನೇ ಲೂಯಿ ಸಿಡುಬಿನಿಂದ ಸತ್ತ. ಮೊಮ್ಮಗ 16ನೇ ಲೂಯಿ ಹೆದರಿ ದೇವಿ ಹಾಕಿಸಿಕೊಂಡ. ಸರಿ, ಹೆಂಗಸರ ತಲೆಯ ಮೇಲೆ ಉದಯಸೂರ್ಯ, ಆಲಿವ್ ಮರ, ಮರಕ್ಕೆ ಸುತ್ತಿಕೊಂಡ ಹಾವು! 1778ರಲ್ಲಿ ಬೆಲ್ ಪೂಲ್ ಎಂಬ ಫ್ರೆಂಚ್ ಯುದ್ಧನೌಕೆ ಇಂಗ್ಲಿಷರ ಮೇಲೆ ಕಾದಾಡಿತು. ಹಾಯಿ, ಹಗ್ಗ ಸಮೇತ ಹಡಗೇ ತಲೆಯೇರಿತು. ಗಾಡಿಯಲ್ಲಿ ಸೀಟಿದ್ದರೂ ಕೂರುವ ಹಾಗಿಲ್ಲ, ಮಂಡಿಯೂರಿ ಪ್ರಯಾಣ. ವಾರಗಟ್ಟಲೆ ಬಿಚ್ಚದ ಆ ಗೋಪುರದೊಳಗೆ ಕೆರೆತ ಬಂದರೆ ತುರಿಸಿಕೊಳ್ಳಲು ಉದ್ದನೆಯ ಕಡ್ಡಿಯೇ ಇತ್ತು.

16ನೇ ಲೂಯಿಯ ರಾಣಿ ಮರಿ ಆಂಟೊನೆಟ್‌ಳ ಈ ಕೇಶವೈಭವದ ಸುದ್ದಿ ವಿಯೆನ್ನಾದಲ್ಲಿದ್ದ ತಾಯಿ ಮರಿಯಾ ತೆರೇಸಾಗೆ ಮುಟ್ಟಿ, ಆಕೆ 1775ರಲ್ಲಿ ಕಾಗದ ಬರೆದು ಮಗಳಿಗೆ ಬುದ್ಧಿ ಹೇಳಿದಳು. ಸಾಮ್ರಾಜ್ಯ ಆಳಿದರೇನು, ಕೊಟ್ಟ ಮನೆಯಲ್ಲಿ ಮಗಳು ಹೇಗೆ ತಲೆ ಬಾಚಿಕೊಳ್ಳುತ್ತಾಳೆ ಎಂಬ ಚಿಂತೆ ತಾಯಿಗೆ ತಪ್ಪುತ್ತದೆಯೇ? ಅದೇ ವರ್ಷ ಹಿಟ್ಟಿನ ಬೆಲೆ ಏರಿ ಪ್ಯಾರಿಸ್ಸಿನ ಸುತ್ತಮುತ್ತ ಜನ ದಂಗೆ ಎದ್ದಿದ್ದರು ಎಂಬುದನ್ನು ಓದಿದಾಗ ಮಾತ್ರ ತಲೆಗೆ ಗಂಜಿಪುಡಿ ಎನ್ನುವ ತಮಾಷೆ ನಾಲಿಗೆಯ ಮೇಲೆ ಕಹಿಯಾಗುತ್ತದೆ.

ಇಂಥ ಉಡುಪು ಆ ರಾಣಿಯೊಂದಿಗೇ ಹೋಗಿಬಿಡಬೇಕಿತ್ತು. ಹೋಗಲಿಲ್ಲ. ಪ್ಯಾರಿಸ್, ಲಂಡನ್‌ಗಳ ದೊಡ್ಡ ದೊಡ್ಡ ವಿನ್ಯಾಸಕಾರರು ಮತ್ತೆ ಮತ್ತೆ ಅದರ ಹತ್ತಿರವೇ ಹೋಗುತ್ತಾರೆ. ವಿವಿಯನ್ ವೆಸ್ಟ್‌ವುಡ್ 1990ರಲ್ಲಿ ಆ ಕಾಲದ ಚಿತ್ರಕಾರ ಬೂಷೆಯ ಕುರಿಗಾಹಿ ಪ್ರೇಮಿಗಳನ್ನು ಕಾರ್ಸೆಟ್ಟಿನ ಎದೆಯ ಮೇಲೆ ಅಚ್ಚು ಹಾಕಿಸಿದಳು. ಆದರೆ ಪಕ್ಕಗಳಿಗೆ ಹಿಗ್ಗುವ ಬಟ್ಟೆ, ಬೆನ್ನಿಗೆ ಜಿಪ್, ತೊಟ್ಟವಳು ಉಸಿರಾಡಬಹುದು. ಜಾನ್ ಗ್ಯಾಲಿಯಾನೊ 1984ರಲ್ಲಿ ವಿದ್ಯಾರ್ಥಿಯಾಗಿ ಮಾಡಿದ ಮೊದಲ ಸಂಗ್ರಹವೇ ಫ್ರೆಂಚ್ ಕ್ರಾಂತಿಯ ಕಾಲದ ಶೋಕಿಲಾಲರ ಉಡುಪು. ಕಾರ್ಲ್ ಲಾಗರ್‌ಫೆಲ್ಡ್ ತನ್ನ ಜುಟ್ಟಿಗೇ ಬಿಳಿ ಪುಡಿ ಹಾಕಿಕೊಂಡು ಓಡಾಡುತ್ತಿದ್ದ ಮನುಷ್ಯ. 2012ರಲ್ಲಿ ಶನೆಲ್‌ನ ಪ್ರದರ್ಶನವನ್ನು ವರ್ಸೇಲ್ಸ್ ತೋಟಕ್ಕೇ ಒಯ್ದು ಡೆನಿಮ್ ಬಟ್ಟೆಗೂ ರಾಜವೈಭವ ತಂದ. 2017ರಲ್ಲಿ ಲೂಯಿ ವಿಟಾನ್‌ಗಾಗಿ ನಿಕೊಲಾ ಗೆಸ್ಕಿಯೇರ್ ಲೂವ್ರ್‌ನಲ್ಲಿ ತೋರಿಸಿದ್ದು ಜರಿ ಕಸೂತಿಯ ದರ್ಬಾರಿ ಕೋಟು, ಕೆಳಗೆ ಓಟಗಾರರ ಚಡ್ಡಿ, ಕಾಲಿಗೆ ಸ್ನೀಕರ್. ನನಗೆ ಇದೇ ಹೆಚ್ಚು ಹಿಡಿಸಿತು. ಓಡಿಹೋಗುವ ಸಂದರ್ಭ ಬಂದರೆ ಆ ಕಾಲದ ಶ್ರೀಮಂತರಿಗೂ ಅದು ಅನುಕೂಲವಾಗುತ್ತಿತ್ತು.

ಯಾಕೆ ಅಲ್ಲಿಗೇ ಹೋಗುತ್ತಾರೆ? ಚೆಂದಕ್ಕಾಗಿ ಎಂದರೆ ನಾನು ಒಪ್ಪುವುದಿಲ್ಲ. ಚೆಂದದ ಉಡುಪು ಎಲ್ಲ ಶತಮಾನದಲ್ಲೂ ಇತ್ತು. ಆದರೆ ಫ್ಯಾಷನ್ ಎಂಬ ಕಸುಬು ಈಗಿನ ರೂಪಕ್ಕೆ ಬಂದದ್ದು ಆ ಕಾಲದ ಫ್ರಾನ್ಸಿನಲ್ಲಿ. ಅಬ್ಬೆವಿಲ್ ಎಂಬ ಸಣ್ಣ ಊರಿನಿಂದ ಬಂದ ರೋಸ್ ಬರ್ಟಿನ್ ಪ್ಯಾರಿಸ್ಸಿನಲ್ಲಿ ‘ಗ್ರಾಂ ಮೊಗೋಲ್’ ಎಂಬ ಅಂಗಡಿ ತೆರೆದು, ರಾಣಿಯ ಒಳಮನೆಯವರೆಗೆ ಹೋಗಿ, ಜನರ ಬಾಯಲ್ಲಿ ಫ್ಯಾಷನ್ ಮಂತ್ರಿಯಾದಳು. ಹೊಲಿದವರ ಹೆಸರಿಗೆ ಬೆಲೆ ಬಂದದ್ದು ಇಂಥವರಿಂದ. ಬಣ್ಣದ ಚಿತ್ರಗಳ ಫ್ಯಾಷನ್ ಪತ್ರಿಕೆ ‘ಕ್ಯಾಬಿನೆ ದೆ ಮೋದ್’ 1785ರಲ್ಲಿ ಹೊರಟಿತು. ಅದಕ್ಕೂ ಮೊದಲಿನಿಂದಲೇ ಹೊಸ ಉಡುಪು ತೊಡಿಸಿದ ಬೊಂಬೆಗಳು ಪ್ಯಾರಿಸ್ಸಿನಿಂದ ಯುರೋಪಿನ ಊರೂರಿಗೆ ಹೋಗುತ್ತಿದ್ದವು. ಎಲ್ಲಿ ನೆಲೆಸಿದ್ದರೂ ವರ್ಷಕ್ಕೊಮ್ಮೆ ಮನೆದೇವರಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬರುವ ನಮ್ಮವರ ಹಾಗೆ ಈ ವಿನ್ಯಾಸಕಾರರೂ ವರ್ಸೇಲ್ಸಿಗೆ ಹೋಗಿಬರುತ್ತಾರೆ, ಅಷ್ಟೆ.

ಕಷ್ಟಕಾಲದಲ್ಲಂತೂ ಇನ್ನೂ ಹೆಚ್ಚು. 1945ರಲ್ಲಿ ಯುದ್ಧದಿಂದ ಬಳಲಿದ ಪ್ಯಾರಿಸ್ಸಿನಲ್ಲಿ ಬಟ್ಟೆಗೇ ಬರ. ಆಗ ಅಲ್ಲಿನ ಕುಶಲಿಗಳು ಆ ಬೊಂಬೆಯ ಉಪಾಯವನ್ನೇ ಹೂಡಿದರು. ಆಳಿನ ಮೂರನೇ ಒಂದು ಪಾಲು ಎತ್ತರದ ತಂತಿಬೊಂಬೆಗಳಿಗೆ ಗುಂಡಿ, ಕೈಚೀಲ ಎಲ್ಲ ಅಳತೆಗೆ ತಕ್ಕಂತೆ ಮಾಡಿ ತೊಡಿಸಿ ಲಂಡನ್, ನ್ಯೂಯಾರ್ಕ್‌ವರೆಗೆ ಕಳಿಸಿದರು. ಎರಡು ವರ್ಷದ ಮೇಲೆ ಕ್ರಿಶ್ಚಿಯನ್ ಡಿಯೋರ್ ಗಜಗಟ್ಟಲೆ ಬಟ್ಟೆಯ ಲಂಗ, ಬಿಗಿದ ಸೊಂಟ ಹಿಡಿದುಕೊಂಡು ಬಂದ. ಅವನ ಮಳಿಗೆಯ ಕುರ್ಚಿಗಳು 16ನೇ ಲೂಯಿಯ ಮಾದರಿಯವು. ಅಲ್ಲೇ ಇದ್ದ ಸಣ್ಣ ಅಂಗಡಿಯ ಗೋಡೆಗೆ ತ್ವಾಲ್ ದ ಜ್ಯೂಯಿ, ಹಳ್ಳಿಯ ದೃಶ್ಯಗಳ ಅಚ್ಚಿನ ಬಟ್ಟೆ.

ಆ ಅಚ್ಚಿನ ಬಟ್ಟೆಯ ಮೂಲ ಹುಡುಕಿದರೆ ದಾರಿ ನಮ್ಮ ಕಡೆಗೇ ತಿರುಗುತ್ತದೆ. ಕೋರಮಂಡಲ ತೀರದ ಬಣ್ಣ ಬಿಡದ ಹತ್ತಿ ಚೀಟಿಗಳಿಗೆ ಫ್ರೆಂಚರು ಎಷ್ಟು ಮರುಳಾದರೆಂದರೆ, ತಮ್ಮ ದೇಶದ ಮಗ್ಗಗಳನ್ನು ಕಾಪಾಡಲು 1686ರಿಂದ 1759ರವರೆಗೆ ಅವನ್ನು ನಿಷೇಧಿಸಬೇಕಾಯಿತು. ನಿಷೇಧ ತೆಗೆದ ಮರುವರ್ಷ ಓಬರ್‌ಕಾಂಫ್ ಎಂಬಾತ ವರ್ಸೇಲ್ಸಿನ ಪಕ್ಕದ ಜ್ಯೂಯಿಯಲ್ಲಿ ಅಚ್ಚಿನ ಕಾರ್ಖಾನೆ ಹಾಕಿದ. ರಾಣಿಯೂ ಕೊನೆಗೆ ಪ್ಯಾನಿಯೇಯಿಂದ ಬೇಸತ್ತು ತೆಳು ಹತ್ತಿಯ ಮಸ್ಲಿನ್‌ಗೆ ಬಂದಳು. 1783ರಲ್ಲಿ ಚಿತ್ರಗಾರ್ತಿ ವಿಜೆ ಲ ಬ್ರನ್ ಆ ಉಡುಪಿನಲ್ಲಿ ಅವಳ ಚಿತ್ರ ಬರೆದಾಗ, ರಾಣಿ ಒಳಉಡುಪಿನಲ್ಲಿ ನಿಂತಿದ್ದಾಳೆ ಎಂದು ಗದ್ದಲವಾಗಿ ಪ್ರದರ್ಶನದಿಂದ ತೆಗೆಸಬೇಕಾಯಿತು. ಬದಲಿಗೆ ರೇಷ್ಮೆ ಉಡಿಸಿದ ಇನ್ನೊಂದು ಚಿತ್ರ ಬಂತು.

ಐದು ವರ್ಷ ಕಳೆದು, 1788ರ ಆಗಸ್ಟಿನಲ್ಲಿ, ಇಂಗ್ಲಿಷರ ವಿರುದ್ಧ ನೆರವು ಕೇಳಲು ಟಿಪ್ಪು ಸುಲ್ತಾನ ಕಳಿಸಿದ ಮೂವರು ರಾಯಭಾರಿಗಳು ವರ್ಸೇಲ್ಸಿಗೆ ಬಂದರು. ಮೈಮೇಲೆ ಚಿನ್ನದ ಹೂವಿನ ಬಿಳಿ ಮಸ್ಲಿನ್! ಊರೆಲ್ಲ ಬಾಯಿ ಬಿಟ್ಟು ನೋಡಿತು. ಅದೇ ವಿಜೆ ಲ ಬ್ರನ್ ಅವರನ್ನು ಬರೆಯಲು ಹಟ ಹಿಡಿದು, ನೆಲದ ಮೇಲೆ ಕೂತು ಅವರೊಡನೆ ಕೈಯಲ್ಲೇ ಊಟ ಮಾಡಿ ಬಂದಳು. ಆ ಮೂವರಲ್ಲಿ ಒಬ್ಬನಾದ ದರ್ವೇಶ್ ಖಾನ್ ತನ್ನ ಚಿತ್ರ ಬಿಟ್ಟುಕೊಡಲು ಮನಸ್ಸಾಗದೆ ಅದನ್ನು ಹಾಸಿಗೆಯ ಹಿಂದೆ ಬಚ್ಚಿಟ್ಟಿದ್ದನಂತೆ. 2019ರಲ್ಲಿ ಅದು ನ್ಯೂಯಾರ್ಕ್ ಹರಾಜಿನಲ್ಲಿ 70 ಲಕ್ಷ ಡಾಲರ್ ದಾಟಿತು. ಮೈಸೂರಿನವರು ಕೇಳಿದ ಸೈನ್ಯ ಮಾತ್ರ ಬರಲಿಲ್ಲ.

ಇಷ್ಟೆಲ್ಲ ಹೇಳಿ ಮುಖ್ಯವಾದ್ದನ್ನೇ ಬಿಟ್ಟೆ. ಆ ಅಗಲದ ಲಂಗದೊಳಗೆ ಹೆಂಗಸರು ಸೊಂಟಕ್ಕೆ ದೊಡ್ಡ ದೊಡ್ಡ ಜೇಬು ಕಟ್ಟಿಕೊಳ್ಳುತ್ತಿದ್ದರು; ಲಂಗದ ಪಕ್ಕದ ಸೀಳಿನಲ್ಲಿ ಕೈ ತೂರಿಸಿದರೆ ಬೀಗದಕೈ, ಕಾಸು, ಕತ್ತರಿ ಎಲ್ಲ ಸಿಗುತ್ತಿತ್ತು. ಕ್ರಾಂತಿಯ ನಂತರ ತೆಳು ಉಡುಪು ಬಂದು ಜೇಬು ಹೋಯಿತು, ಕೈಚೀಲ ಬಂತು. ಈಗ ಮದುವೆಮನೆಗೆ ಹೋದರೆ ಮನೆಯವಳ ಫೋನು, ಕನ್ನಡಕ, ಮನೆಯ ಕೀ ಎಲ್ಲ ನನ್ನ ಪ್ಯಾಂಟಿನಲ್ಲಿ. ಆದ್ದರಿಂದ ಪ್ಯಾರಿಸ್ಸಿನ ಮಹಾನುಭಾವರಲ್ಲಿ ನನ್ನದೊಂದು ವಿನಂತಿ: ಮುಂದಿನ ಸಲ ವರ್ಸೇಲ್ಸಿಗೆ ಹೋದಾಗ ಹಡಗು, ಪುಡಿ ಎಲ್ಲ ಅಲ್ಲೇ ಇರಲಿ, ಆ ಜೇಬು ತನ್ನಿ.