ಸರ್ವರ್ ಯಜಮಾನರು

ಇಂದಿರಾನಗರದ ನೂರಡಿ ರಸ್ತೆಯ ಆಚೀಚೆಯ ಅಡ್ಡರಸ್ತೆಗಳಲ್ಲಿ, ಮನೆಯಾಗಿ ಹುಟ್ಟಿ ಸಾಫ್ಟ್‌ವೇರ್ ಕಚೇರಿಯಾದ ಕಟ್ಟಡಗಳಲ್ಲೆಲ್ಲ ಒಬ್ಬ ಸರ್ವರ್ ಯಜಮಾನರು ಇದ್ದೇ ಇರುತ್ತಾರೆ. ಡೆವಲಪರ್‌ಗಳು ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸದಂತೆ ತಲಾ ಒಂದು ವೆಬ್ ಸರ್ವರ್ ಒದಗಿಸುವುದು ಇವರ ಕಾಯಕ. ಎಲ್ಲರೂ ಒಂದೇ ಸರ್ವರ್ ಹಂಚಿಕೊಂಡರೆ, ಯಾರೋ ಒಬ್ಬ ಕಾನ್ಫಿಗ್ ಫೈಲಿನಲ್ಲಿ ಒಂದಕ್ಷರ ತಪ್ಪಿಸಿ ಅಪಾಚೆ ರೀಸ್ಟಾರ್ಟ್ ಮಾಡಿದ ಕೂಡಲೇ ಎಲ್ಲರ ಪುಟವೂ ಮಾಯ. ಆದ್ದರಿಂದ ಮಷೀನ್ ಒಂದೇ ಆದರೂ ಒಬ್ಬೊಬ್ಬರಿಗೂ ಬೇರೆ ಪೋರ್ಟ್, ಬೇರೆ ಫೋಲ್ಡರ್, ಬೇರೆ ಡೇಟಾಬೇಸ್, ಬೇರೆ ಲಾಗ್.

ಪೋರ್ಟ್ ನಂಬರುಗಳು 65,535ರ ತನಕ ಇವೆ. ಲಿನಕ್ಸಿನಲ್ಲಿ ರೂಟ್‌ಗೆ ಮೀಸಲಾಗಿರುವುದು 1024ಕ್ಕಿಂತ ಕೆಳಗಿನವು ಮಾತ್ರ. ಉಳಿದ 64,000ಕ್ಕೂ ಮಿಕ್ಕ ಪೋರ್ಟುಗಳಲ್ಲಿ ಒಂದನ್ನು ಕೇಳಿದರೂ ಯಜಮಾನರ ಮುಖ ಬಾಡುತ್ತದೆ.

“ಸರ್, ನಂಗೊಂದು ಪೋರ್ಟ್ ಬೇಕಿತ್ತು.”

“ಯಾಕೆ, ಇರೋದಕ್ಕೆ ಏನಾಯ್ತು?”

“ಇನ್ನೂ ಕೊಟ್ಟೇ ಇಲ್ಲ ಸರ್.”

“ಟಿಕೆಟ್ ಹಾಕ್ರೀ ಮತ್ತೆ!”

ಟಿಕೆಟ್ ಹಾಕಲು ಲಾಗಿನ್ ಬೇಕು. ಲಾಗಿನ್ ಕೊಡುವವರು ಯಜಮಾನರೇ. ಅದಕ್ಕೂ ಟಿಕೆಟ್ ಹಾಕಬೇಕು. ದೀಪಾವಳಿಗೆ ಕೇಳಿದ 8081 ಸಂಕ್ರಾಂತಿಗೆ ಸಿಕ್ಕಿ, ಎಳ್ಳುಬೆಲ್ಲ ಕೊಟ್ಟು ಕೃತಜ್ಞತೆ ಸಲ್ಲಿಸಿದ ಹೇಡಿಗಳೂ ಈ ಊರಲ್ಲಿದ್ದಾರೆ, ಹೆಸರು ಬೇಡ.

2013ರಲ್ಲಿ ಡಾಕರ್ ಬಂದು, ಅವರವರ ಲ್ಯಾಪ್‌ಟಾಪಿನಲ್ಲೇ ಒಂದು ಕಮಾಂಡಿಗೆ ಪ್ರತ್ಯೇಕ ಸರ್ವರ್ ಏಳುವಂತಾಯಿತು. ಯಜಮಾನರ ಗತ್ತು ಇಳಿಯಬೇಕಿತ್ತು, ಇಳಿಯಲಿಲ್ಲ. “ನನ್ನ ಮಷೀನಲ್ಲಿ ವರ್ಕ್ ಆಗ್ತಿದೆ” ಎಂದು ಎದೆಯುಬ್ಬಿಸಿದವರ ಕೋಡು ಸ್ಟೇಜಿಂಗ್‌ನಲ್ಲಿ ಮಲಗಿದಾಗ, ಯಾವ ವರ್ಷನ್ ಎಲ್ಲಿ ತಪ್ಪಿತೆಂದು ಹುಡುಕಿಕೊಡುವವರು ಅವರೇ.

ಹೀಗೆ ಬೇರೆ ಇಡುವುದು ಈ ಭಾಗಕ್ಕೆ ಹೊಸದೂ ಅಲ್ಲ. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡು ಹೂಡಿದ ಮೇಲೆ ಪೇಟೆಗೊಂದು, ದಂಡಿಗೊಂದು ಆಡಳಿತ ನಡೆಯಿತು. ಎರಡು ಪುರಸಭೆಗಳೂ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಶುಕ್ರವಾರ ಸಂಜೆ ಮರ್ಜ್ ಮಾಡಲು ಯಜಮಾನರು ಒಪ್ಪದಿದ್ದರೆ ಅವರೊಬ್ಬರನ್ನೇ ದೂರುವಂತಿಲ್ಲ.

ಅವರಿಗೆ ಮಾತ್ರ ಪ್ರತ್ಯೇಕ ಎಂಬುದು ಯಾವುದೂ ಇಲ್ಲ. ಕೆ.ಆರ್. ಪುರದ ಮನೆಗೆ ಹೊರಟವರಿಗೆ ಟಿನ್ ಫ್ಯಾಕ್ಟರಿಯ ಜಾಮಿನಲ್ಲಿ ಫೋನ್ ಬರುತ್ತದೆ. ಸ್ಕೂಟರನ್ನು ಬದಿಗೆ ಹಾಕಿ, ಸೀಟಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ಮೊಬೈಲ್ ನೆಟ್‌ನಲ್ಲೇ ಸರ್ವರ್ ಎಬ್ಬಿಸುತ್ತಾರೆ. ಮರುದಿನ ಆಫೀಸಿನಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ.

ಕೆಲಸ ಬಿಡುವಾಗ ಪೋರ್ಟುಗಳ ಪಟ್ಟಿ ಒಪ್ಪಿಸಿ ಹೋಗುವುದು ವಾಡಿಕೆ. ಎಂದೋ ಬಿಟ್ಟುಹೋದವರ ಹೆಸರಿನ ಸರ್ವರುಗಳೂ ಅದರಲ್ಲಿ ಓಡುತ್ತಲೇ ಇರುತ್ತವೆ. ನಿಲ್ಲಿಸಿದರೆ ಏನೇನು ಬೀಳುತ್ತದೋ ಎಂದು ಯಾರೂ ಮುಟ್ಟುವುದಿಲ್ಲ. ಹೊಸಬರಿಗೆ ಮುಂದಿನ ಖಾಲಿ ನಂಬರ್.